ಕೋಡ್ ತಿದ್ದುವ ಹಿರಿಯರು ಬೇಕು

ಮಾನ್ಯರೇ,

ಕಲಬುರಗಿ ಭಾಗದ ಎಂಜಿನಿಯರಿಂಗ್ ಪದವೀಧರರು ಸಾಫ್ಟ್‌ವೇರ್ ಉದ್ಯೋಗದ ಮೊದಲ ವರ್ಷದಲ್ಲಿ ತಡವರಿಸುವುದಕ್ಕೆ ಪ್ರತಿಭೆಯ ಕೊರತೆಗಿಂತ ಮಾರ್ಗದರ್ಶನದ ಕೊರತೆಯೇ ಕಾರಣ. ಪ್ರೋಗ್ರಾಮಿಂಗ್ ಭಾಷೆಯನ್ನು ತರಗತಿಯಲ್ಲಿ ಕಲಿಯಬಹುದು. ಆದರೆ ಬರೆದ ಕೋಡನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ಸಣ್ಣ ಸಣ್ಣ ಭಾಗಗಳಾಗಿ ಸೇರಿಸಿ, ಪ್ರತಿ ಬದಲಾವಣೆಗೂ ಕಾರಣ ಬರೆದು ಹಿರಿಯರ ಪರಿಶೀಲನೆಗೆ ಒಪ್ಪಿಸುವುದು, ಕೆಲಸ ಗಡುವಿನೊಳಗೆ ಮುಗಿಯದೆಂದು ಕಂಡೊಡನೆ ತಂಡಕ್ಕೆ ತಿಳಿಸುವುದು ಮುಂತಾದ ವೃತ್ತಿಶಿಸ್ತು ಅನುಭವಿಗಳ ಜೊತೆ ಕುಳಿತೇ ಬರಬೇಕು. ಅಂತಿಮ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ರೂಢಿ (ಇದೇನು ಗುಟ್ಟಲ್ಲ) ಇದನ್ನು ಕಲಿಯಲು ಇರುವ ಒಂದು ಅವಕಾಶವನ್ನೂ ಕಸಿಯುತ್ತಿದೆ. ನಗರದಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಾದೇಶಿಕ ಕೇಂದ್ರವು, ಬೆಂಗಳೂರು, ಹೈದರಾಬಾದ್‌ಗಳಲ್ಲಿ ದುಡಿಯುತ್ತಿರುವ ಈ ಭಾಗದ ಎಂಜಿನಿಯರುಗಳಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೋಡನ್ನು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಪರಿಶೀಲನೆ ಮಾಡಿಸಿ, ಅದಕ್ಕೂ ಅಂಕ ಮೀಸಲಿಡಲಿ.

– ಒಬ್ಬ ಓದುಗ, ಕಲಬುರಗಿ