1972ರ ರೈಲು ವೇಳಾಪಟ್ಟಿ ಯಾರಲ್ಲಾದರೂ ಇದೆಯೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ನಮ್ಮ ಅಪ್ಪನ ಬಗ್ಗೆ ಮೂರು ಸಾಲು ಬಂದಿತ್ತು. ಕುಂಬಳೆ ಪೇಟೆಯಲ್ಲಿ ದರ್ಜಿಯಾಗಿದ್ದರು, ಪತ್ನಿ, ಇಬ್ಬರು ಪುತ್ರಿಯರು, ಒಬ್ಬ ಪುತ್ರನನ್ನು ಅಗಲಿದ್ದಾರೆ ಎಂದಿತ್ತು. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅಮ್ಮ ಆ ತುಂಡನ್ನು ಕತ್ತರಿಸಿ ದೇವರ ಪಟದ ಹಿಂದೆ ಇಟ್ಟಿದ್ದಾರೆ. ಆದರೆ ಅಪ್ಪನ ರೈಲು, ಅಪ್ಪನ ಸಂಗೀತ ಮೂರು ಸಾಲಿಗೆ ಹಿಡಿಯುವಂಥದ್ದಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಓದುಗರಲ್ಲಿ ಕೇಳಿಕೊಳ್ಳುವುದೂ ಒಂದಿದೆ.

ಅಪ್ಪ ರೈಲ್ವೆ ನೌಕರರಲ್ಲ. ಓದಿದ್ದು ಎಂಟನೇ ತರಗತಿ, ಕನ್ನಡ ಶಾಲೆಯಲ್ಲಿ. ಅಂಗಡಿಯಿಂದ ಸ್ಟೇಷನ್ನಿಗೆ ನಡೆದರೆ ಐದು ನಿಮಿಷ. ಬಟ್ಟೆಯ ಲೆಕ್ಕ ಬರೆಯುವ ಪುಸ್ತಕವನ್ನು ತಿರುಗಿಸಿ ಹಿಡಿದರೆ ಹಿಂದಿನಿಂದ ರೈಲಿನ ಲೆಕ್ಕ ಶುರುವಾಗುತ್ತಿತ್ತು. 1861ರ ಮಾರ್ಚ್ 12ರಂದು ಬೇಪೂರಿನಿಂದ ತಿರೂರಿಗೆ ಕೇರಳದ ಮೊದಲ ರೈಲು. ಅಲ್ಲಿಂದ ಹಳಿ ಉತ್ತರಕ್ಕೆ ಬೆಳೆಯುತ್ತಾ ಬಂದು ಮಂಗಳೂರು ಮುಟ್ಟಿದ್ದು 1907ರಲ್ಲಿ. ಇಷ್ಟು ಹತ್ತಿರಕ್ಕೆ ನಲವತ್ತಾರು ವರ್ಷ ಯಾಕೆ ಬೇಕಾಯಿತು ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. ಅಪ್ಪ ಬಾಯಲ್ಲಿ ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರ ಪ್ಯಾಸೆಂಜರ್ ಗಾಡಿಯ ಕಿಟಕಿ ಪಕ್ಕ ಕೂರಿಸಿ, ಬರುವ ಹೊಳೆಗಳನ್ನೆಲ್ಲ ಬೆರಳು ಮಡಚಿ ಎಣಿಸು ಅಂದರು. ದಕ್ಷಿಣಕ್ಕೆ ಚಂದ್ರಗಿರಿ, ವಳಪಟ್ಟಣಂ. ಉತ್ತರಕ್ಕೆ ಶಿರಿಯ, ಉಪ್ಪಳ, ನೇತ್ರಾವತಿ. ಕಳನಾಡಿನಲ್ಲಿ ಗುಡ್ಡ ಕೊರೆದ ಸುರಂಗ ಬೇರೆ. ನಮ್ಮ ಕರಾವಳಿಯಲ್ಲಿ ಹಳಿ ಹಾಕುವುದು ಅಂದರೆ ಅರ್ಧ ಕೆಲಸ ಸೇತುವೆ ಕಟ್ಟುವುದೇ ಎಂದು ಅವತ್ತು ನನಗೆ ಗೊತ್ತಾಯಿತು.

ಅವರು ಎಲ್ಲವನ್ನೂ ಟೇಪು ಹಿಡಿದೇ ತಿಳಿದುಕೊಂಡವರು. ಒಮ್ಮೆ ಗೇಟ್‌ಮ್ಯಾನ್ ಹತ್ತಿರ ಕೇಳಿ, ರೈಲಿಲ್ಲದ ಹೊತ್ತಿನಲ್ಲಿ, ನಮ್ಮ ಮೂವರನ್ನೂ ನಿಲ್ಲಿಸಿಕೊಂಡು ಎರಡು ಹಳಿಗಳ ನಡುವೆ ಅಳತೆ ತೆಗೆದರು. ದರ್ಜಿಯ ಟೇಪು ಇರುವುದು 60 ಇಂಚು. ಹಳಿ ಕೇಳುವುದು 66. ಉಳಿದ ಆರು ಇಂಚಿಗೆ ತಮ್ಮನ ಪುಟ್ಟ ಗೇಣು ಇಟ್ಟು ನೋಡಿದರು. ಸರಿಯಾಗಿ ಕೂತಿತು. ಅಪ್ಪನ ಮುಖ ಆಗ ಹೇಗೆ ಅರಳಿತ್ತು ಅಂದರೆ, ಆ ಅಳತೆ ತಮ್ಮನಿಗೆಂದೇ ಇಟ್ಟದ್ದು ಎನ್ನುವ ಹಾಗೆ. ಆಮೇಲೆ ಮಂಗಳೂರಿಗೆ ಕರೆದುಕೊಂಡು ಹೋಗಿ ಹಾಸನದ ಕಡೆಯ ಮೀಟರ್ ಗೇಜ್ ಹಳಿ ತೋರಿಸಿದರು. ಅದು 39 ಇಂಚು ಮತ್ತು ಒಂದು ಚೂರು. ನನ್ನ ಸೊಂಟದ ಎತ್ತರ ಎಷ್ಟೋ ಅಷ್ಟು.

ಆ ಹಾಸನದ ದಾರಿ 1979ರಲ್ಲಿ ಪೂರ್ತಿಯಾಗಿತ್ತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ಘಾಟಿಯಲ್ಲಿ 57 ಸುರಂಗ. ದಸರಾ ರಜೆಯಲ್ಲಿ ಅಪ್ಪ ಅಂಗಡಿಗೆ ಎರಡು ದಿನ ಬೀಗ ಹಾಕಿ ನಮ್ಮನ್ನೆಲ್ಲ ಆ ರೈಲಿನಲ್ಲಿ ಕರೆದುಕೊಂಡು ಹೋದರು. ನಾನು 54 ಎಣಿಸಿದೆ, ಅಕ್ಕ 59. ಅಮ್ಮ ಎಣಿಸಲಿಲ್ಲ, ಸುರಂಗ ಬಂದಾಗಲೆಲ್ಲ ತಮ್ಮನ ಕಣ್ಣು ಮುಚ್ಚುವುದೇ ಅವರ ಕೆಲಸ. 1996ರಲ್ಲಿ ಹಳಿ ಅಗಲ ಮಾಡಲು ಆ ಮಾರ್ಗ ಮುಚ್ಚಿದಾಗ ಅಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಮತ್ತೆ ಜನರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಾವು ಮೂವರೂ ಅಷ್ಟರಲ್ಲಿ ಮದುವೆಯಾಗಿ ಬೇರೆ ಬೇರೆ ಊರಿನಲ್ಲಿದ್ದೆವು. ಅವರಿಬ್ಬರೇ ಹೋಗಿ ಬಂದು ಫೋನ್ ಮಾಡಿದರು. "57 ಸರಿಯಾಗಿದೆ. ನಿನ್ನ ಅಮ್ಮ ಎಣಿಸಿದ್ದು."

ಸಂಗೀತ ಎಲ್ಲಿಂದ ಹತ್ತಿತು ಅಂತ ಕೇಳಿದರೆ, ಅದೂ ರೈಲಿನ ದಾರಿಯಲ್ಲೇ ಬಂದದ್ದು ಅನ್ನುತ್ತಿದ್ದರು. ಕರ್ನಾಟಕ ಸಂಗೀತದ ಹಾಡುಗಾರ ಚೆಂಬೈ ವೈದ್ಯನಾಥ ಭಾಗವತರು, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್, ಇಬ್ಬರೂ ಪಾಲಕ್ಕಾಡಿನ ಕಡೆಯವರು. ನಮ್ಮ ರೈಲೂ ಪಾಲಕ್ಕಾಡ್ ವಿಭಾಗದ್ದೇ. ಚೆಂಬೈಯವರಿಗೆ ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸುತ್ತಿದ್ದರಲ್ಲ, ಅದನ್ನು ಹೇಳುವಾಗ ಅಪ್ಪನ ದನಿಯೇ ಬೇರೆ. ಪಾಲಕ್ಕಾಡು ಒಂದು ಕಡೆ, ಮೈಸೂರು ಒಂದು ಕಡೆ, ನಡುವೆ ಕೂತು ಕೇಳುವವರು ನಾವು. ಗಡಿನಾಡಿನವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಅಂತ ಅವರ ಲೆಕ್ಕ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿ ಅಪ್ಪನಿಗೆ ಹತ್ತು ವರ್ಷ. ಆ ನೋವನ್ನು ಅವರು ಮರೆತವರಲ್ಲ. ಆದರೆ ಮನೆಯಲ್ಲಿ ತುಳು, ಓದಲು ಕನ್ನಡ, ಗಿರಾಕಿಗಳ ಹತ್ತಿರ ಮಲಯಾಳ, ರೇಡಿಯೋದಲ್ಲಿ ತೆಲುಗು ಕೀರ್ತನೆ. ಯಾವುದನ್ನೂ ಅವರು ಹೊರಗಿಡಲಿಲ್ಲ.

ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಆ ಹೊತ್ತಿಗೆ ಮೆಷಿನ್ ನಿಲ್ಲಲೇಬೇಕು. ಜೂನ್ ತಿಂಗಳಲ್ಲಿ ಯೂನಿಫಾರ್ಮ್ ರಾಶಿ ಬಿದ್ದಿದ್ದರೂ ಅಷ್ಟೇ. ಮೊದಲು ಸ್ಟೇಷನ್ ಸರಿಯಾಗಿ ಸಿಗುತ್ತಿರಲಿಲ್ಲ, ಕರಕರ ಅನ್ನುತ್ತಿತ್ತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಮಾತು ಹಾಡು ಎಲ್ಲ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿತಂತೆ. ಅಪ್ಪ ಕೇಳುತ್ತಾ ಕಾಜ ಹೊಲಿಯುತ್ತಿದ್ದರು. ಕೈ ಹೊಲಿಗೆಗೆ ಸದ್ದಿಲ್ಲ ನೋಡಿ. ನಾವು ಮಕ್ಕಳು ಗುಂಡಿ ಹೆಕ್ಕಿ ಕೊಡುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದೆವು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು ಎಂದ ಮೇಲೆ ಯಕ್ಷಗಾನ ಹೇಳಬೇಕಾಗಿಯೇ ಇಲ್ಲ. ಬಯಲಾಟದಿಂದ ಬೆಳಗಿನ ಜಾವ ಅವರ ಹೆಗಲ ಮೇಲೆ ಬಂದದ್ದು ನನಗೆ ಅರೆಬರೆ ನೆನಪಿದೆ.

ಒಂದು ಸಂಗತಿ ಮಾತ್ರ ವಿವರವಾಗಿ ಬರೆಯಬೇಕು. ಇದನ್ನು ಅಪ್ಪನೇ ಕಂಡುಕೊಂಡದ್ದೋ ಯಾರಿಂದಲೋ ಕೇಳಿದ್ದೋ, ನಮಗೆ ಕಲಿಸಿದ್ದು ಅವರು. ಹಳೆಯ ಹಳಿಗಳ ಒಂದೊಂದು ತುಂಡು 13 ಮೀಟರ್. ಎರಡು ತುಂಡು ಸೇರುವ ಸಂದಿನಲ್ಲಿ ಗಾಲಿ ಹಾದಾಗ ಟಕ್ ಅನ್ನುತ್ತದೆ. ಬೋಗಿಯ ಎರಡು ತುದಿಗೂ ಎರಡೆರಡು ಜೊತೆ ಗಾಲಿ, ನಡುವೆ ಏನೂ ಇಲ್ಲ. ನಮ್ಮ ಬೋಗಿಯ ಹಿಂದಿನ ಎರಡು ಜೊತೆ ದಾಟಿದ ಬೆನ್ನಿಗೇ ನಮ್ಮ ಹಿಂದೆ ಇರುವ ಬೋಗಿಯ ಮೊದಲ ಎರಡು ಜೊತೆ ಬರುತ್ತವೆ. ಆಗ ನಾಲ್ಕು ಏಟು, ಆಮೇಲೆ ಒಂದು ಬಿಡುವು. "ತಕ ಧಿಮಿ. ಕೇಳಿಸ್ತಾ?" ಎಂದು ಅಪ್ಪ ನಮ್ಮ ಅಂಗೈ ಮೇಲೆ ತಟ್ಟುತ್ತಿದ್ದರು. ನಿಮ್ಮ ಕಾಲಡಿಯ ಗಾಲಿ 47 ಸೆಕೆಂಡಿನಲ್ಲಿ ಎಷ್ಟು ಸಂದು ದಾಟಿತು ಎಂದು ಎಣಿಸಿದರೆ, ಗಂಟೆಗೆ ಅಷ್ಟೇ ಕಿಲೋಮೀಟರ್ ವೇಗ. ಗುಣಾಕಾರ ಭಾಗಾಕಾರ ಬೇಡ. ಕೈಗಡಿಯಾರ ಸಾಕು. ತಮ್ಮ ಇವತ್ತು ಎಂಜಿನಿಯರ್ ಆಗಿದ್ದಾನೆ. ಅವನ ಗಣಿತ ಶುರುವಾದದ್ದು ಕುಂಬಳೆ ಮತ್ತು ಮಂಜೇಶ್ವರದ ನಡುವೆ, ಆ 47 ಸೆಕೆಂಡಿನಲ್ಲಿ.

ಈಗ ಹಳಿಯ ಸಂದುಗಳನ್ನು ಬೆಸೆದಿದ್ದಾರೆ. ಪ್ರಯಾಣ ಮೆತ್ತಗಾಗಿದೆ, ಹಳಿಗೂ ಗಾಲಿಗೂ ಒಳ್ಳೆಯದು. ಅಪ್ಪನೂ ಅದನ್ನು ಒಪ್ಪುತ್ತಿದ್ದರು. "ತಾಳ ಹೋಯಿತು, ಶ್ರುತಿ ಉಳಿದಿದೆ" ಅಂದಿದ್ದರು ಒಮ್ಮೆ.

ಅಮ್ಮನ ಮಂಡಿ ಸೋತು ಎಂಟು ವರ್ಷವಾಯಿತು. ಉಪ್ಪಿನ ಶಾಖ ಕೊಡಲು ಅಪ್ಪ ದಪ್ಪ ಕಾಟನ್ ಬಟ್ಟೆಯಲ್ಲಿ ಮಂಡಿಯ ಆಕಾರಕ್ಕೇ ಚೀಲ ಹೊಲಿದರು. ಉಪ್ಪು ಒಂದೇ ಕಡೆ ಜಾರದ ಹಾಗೆ ನಡುವೆ ಗೆರೆ ಹೊಲಿಗೆ, ಕಟ್ಟಲು ನಾಲ್ಕು ದಾರ. ಮೊದಲನೆಯದು ಬಿಗಿಯಾಯಿತೆಂದು ಬಿಚ್ಚಿ ಮತ್ತೆ ಹೊಲಿದರು. ದಿನಾ ಸಂಜೆ ಅವರೇ ಉಪ್ಪು ಬಿಸಿ ಮಾಡಿ, ತಮ್ಮ ಕೆನ್ನೆಗೆ ಒತ್ತಿ ಶಾಖ ನೋಡಿ, ಆಮೇಲೆ ಅಮ್ಮನ ಕಾಲಿಗೆ ಕಟ್ಟುತ್ತಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಕಟ್ಟಿದ್ದಾರೆ. ಈಗ ನಾನು ಕಟ್ಟುತ್ತೇನೆ. ಗಂಟು ಅಪ್ಪನ ಹಾಗೆ ಬರುವುದಿಲ್ಲ.

ಇನ್ನು ನನ್ನ ಕೋರಿಕೆ. ಅಪ್ಪ ದಕ್ಷಿಣ ರೈಲ್ವೆಯ ವೇಳಾಪಟ್ಟಿ ಪುಸ್ತಕಗಳನ್ನು 1974ರಿಂದ ಕೊಂಡು ಇಟ್ಟಿದ್ದಾರೆ. ಬಟ್ಟೆಯ ರಟ್ಟು ಹಾಕಿ, ಒಂದು ಟ್ರಂಕಿನ ತುಂಬ. ಅವರಿಗೆ ಬೇಕಿದ್ದದ್ದು ಮಾತ್ರ 1972ರದ್ದು. ಆ ವರ್ಷದ ಮೇ ತಿಂಗಳಲ್ಲಿ ಅವರ ಮದುವೆ. ಅಮ್ಮನ ಮನೆ ಕಾಞಂಗಾಡಿನ ಹತ್ತಿರ. ದಿಬ್ಬಣ ಪ್ಯಾಸೆಂಜರ್ ರೈಲಿನಲ್ಲಿ ಕುಂಬಳೆಗೆ ಬಂತು. ಅಮ್ಮನಿಗೆ ಅದೇ ಮೊದಲ ರೈಲು, ಹೊಸ ಸೀರೆಯ ಮೇಲೆಲ್ಲ ಎಂಜಿನ್ ಮಸಿ. ಆ ರೈಲು ಕುಂಬಳೆಗೆ ಬರುವುದು ಐದೂಕಾಲಕ್ಕೆ, ಅವತ್ತೂ ಅಷ್ಟೊತ್ತಿಗೇ ಬಂದಿದೆ ಅನ್ನುವುದು ಅಪ್ಪನ ಮಾತು. ಇಳಿಯುವಾಗ ಸ್ಟೇಷನ್ನಿನಲ್ಲಿ ದೀಪ ಹಚ್ಚಿದ್ದರು, ಅಷ್ಟು ಬೇಗ ಹೇಗಾಗುತ್ತದೆ ಅನ್ನುವುದು ಅಮ್ಮನದು. ಐವತ್ತು ವರ್ಷಕ್ಕೂ ಮೇಲೆ ಈ ಮಾತು ನಮ್ಮ ಮನೆಯಲ್ಲಿ ನಡೆದಿದೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಪಾಯಸದ ಜೊತೆ. ಹಳೆಯ ಪುಸ್ತಕ ಮಾರುವವರನ್ನು ಅಪ್ಪ ಮಂಗಳೂರು, ಕೋಝಿಕ್ಕೋಡ್ ಎಲ್ಲ ಕಡೆ ಕೇಳಿದ್ದಾರೆ. ಸಿಕ್ಕಿಲ್ಲ.

ಈಗ ಅದನ್ನು ಕೇಳುತ್ತಿರುವುದು ಅಮ್ಮ. "ಅವರು ಹೇಳಿದ್ದೇ ಸರಿ ಅಂತ ಬಂದರೆ ಒಳ್ಳೆಯದಿತ್ತು" ಅಂದರು ಮೊನ್ನೆ.

ಯಾರದಾದರೂ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ, ರೈಲ್ವೆಯಲ್ಲಿದ್ದ ಹಿರಿಯರ ಕಪಾಟಿನಲ್ಲಿ 1972ರ ವೇಳಾಪಟ್ಟಿ ಇದ್ದರೆ ದಯವಿಟ್ಟು ನಿಮ್ಮ ಪತ್ರಿಕೆಯ ಕಚೇರಿಗೆ ತಿಳಿಸಲಿ. ಪುಸ್ತಕ ಕೊಡಬೇಕೆಂದಿಲ್ಲ. ಕಾಞಂಗಾಡಿನಿಂದ ಮಂಗಳೂರಿನ ಕಡೆಗೆ ಮಧ್ಯಾಹ್ನದ ನಂತರ ಹೊರಡುವ ಪ್ಯಾಸೆಂಜರ್‌ಗಳ ಆ ಒಂದು ಪುಟದ ಫೋಟೋ ಸಾಕು. ಅಮ್ಮನಿಗೆ ನಾನು ಓದಿ ಹೇಳುತ್ತೇನೆ.

ಇಂತು,
ದರ್ಜಿಯ ಎರಡನೇ ಮಗಳು
ಕುಂಬಳೆ, ಕಾಸರಗೋಡು ಜಿಲ್ಲೆ