ಗುಡ್ಡಕ್ಕೆ ಹತ್ತು ವರ್ಷ, ಕುರಿ ಅಜ್ಜನಿಗೊಂದು ನಮಸ್ಕಾರ

ಹೋದ ಭಾನುವಾರ ಗುಡ್ಡದ ಮೇಲೆ ಊಟ ಹಾಕಿದೆವು. 2015ರ ಮುಂಗಾರಿನಲ್ಲಿ ಮೊದಲ ಗುಂಡಿ ತೋಡಿದಾಗ ಅಲ್ಲಿ ನಿಲ್ಲೋಕೂ ನೆರಳಿರಲಿಲ್ಲ. ಈ ಸಲ ಎಲೆ ಹಾಕಿದ್ದು ಹೊಂಗೆ ಮರಗಳ ಕೆಳಗೆ. ನನ್ನನ್ನು ಎರಡು ಮಾತಾಡಿ ಅಂದರು. ಮೈಕ್ ಹಿಡಿದ ಕೂಡಲೇ ಗಂಟಲು ಕಟ್ಟಿತು, ಕೂತುಬಿಟ್ಟೆ. ಹೇಳಬೇಕಾದದ್ದು ಹಾಗೇ ಉಳಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಪಾವಗಡ ಸೀಮೆಯ ಒಂದು ಬೋಳು ಗುಡ್ಡ, ತಿಂಗಳಿಗೊಂದು ಆರೋಗ್ಯ ಶಿಬಿರ, ಸಂಜೆ ಪಾಠ. ದುಡ್ಡು ಕೊಟ್ಟವರು, ರಜೆ ಹಾಕಿ ಬಂದ ಡಾಕ್ಟರುಗಳು, ಸಸಿ ಎಣಿಸುವಾಗ ಯಾವಾಗಲೂ ನಾಲ್ಕು ಜಾಸ್ತಿ ಕೊಟ್ಟ ನರ್ಸರಿಯವರು, ಪುಸ್ತಕದ ಮೂಟೆಗಳನ್ನು ಬಸ್ಸಿನಲ್ಲಿ ಜೋಪಾನವಾಗಿ ತಂದ ಕಂಡಕ್ಟರ್, ಶಾಲೆಯ ಬೀಗದ ಕೈಯನ್ನೇ ನಮಗೆ ಕೊಟ್ಟ ಮೇಷ್ಟ್ರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಕುರಿ ಅಜ್ಜ. ಹೆಸರು ಬರೀಲಾ ಅಂತ ಕೇಳಿದೆ. "ಬ್ಯಾಡ ತಾಯಿ, ಊರಿಗೆಲ್ಲ ಗೊತ್ತಿರೋನಿಗೆ ಹೆಸರ್ಯಾಕೆ" ಅಂದರು.

ನಾವು ಗಿಡ ನೆಟ್ಟ ಜಾಗ ಗೋಮಾಳ. ನಮ್ಮ ಲೆಕ್ಕದಲ್ಲಿ ಅದು ಖಾಲಿ ಗುಡ್ಡ. ಅಜ್ಜನಿಗೆ ಅದು ಅವರ ಅಪ್ಪನ ಕಾಲದಿಂದ ಕುರಿ ಮೇಯುವ ಜಾಗ. ಐದು ವರ್ಷ ಯಾರೂ ಕುರಿ ಬಿಡಬಾರದು ಅಂತ ಊರಿನವರನ್ನು ಕೂರಿಸಿ ತೀರ್ಮಾನ ಮಾಡಿಸಿದೆವು. ಜಾಲಿ ಮುಳ್ಳಿನ ಬೇಲಿ ಹಾಕಿದೆವು. ಆವತ್ತು ಅಜ್ಜ ಎದ್ದು ನಿಂತು ಕೇಳಿದ್ದು ಒಂದೇ ಮಾತು: "ನಮ್ ಕುರಿ ಎಲ್ಲಿಗೆ ಹೋಗ್ಬೇಕು?" ನಾನು ಮಳೆ, ಮರ, ಅಂತರ್ಜಲ ಅಂತ ಏನೇನೋ ಹೇಳಿದೆ. ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅಲ್ಲಿಂದ ಮಂದೆ ದಿನಾ ದೂರದ ಕೆರೆ ಅಂಗಳಕ್ಕೆ ನಡೆಯಬೇಕಾಯಿತು. ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ 13,000 ಎಕರೆ ಹೋದ ಮೇಲಂತೂ ಕುರಿಯವರಿಗೆ ಮೇವು ಹುಡುಕೋದೇ ಕಷ್ಟ ಆಗಿತ್ತು. ಇದನ್ನೆಲ್ಲ ನಾನು ಆಗ ಯೋಚಿಸಲೇ ಇಲ್ಲ.

2019ರ ಫೆಬ್ರವರಿ ಕೊನೆ. ಶಿವರಾತ್ರಿಗೆ ಇನ್ನೊಂದು ವಾರ. ಸಂಜೆ ಗುಡ್ಡಕ್ಕೆ ಬೆಂಕಿ ಬಿತ್ತು. ಬೇಲಿಯೊಳಗೆ ಕುರಿ ಬಾಯಿ ಹಾಕದೆ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ನಿಂತಿತ್ತು, ಗಾಳಿ ಬೇರೆ. ಬೆಂಕಿ ಆರಿಸುವ ವಾಹನ ಮೇಲೆ ಹತ್ತಲಿಲ್ಲ. ಊರಿನವರು ಬಂದರು, ಬಡಿದರು. ಜ್ವಾಲೆ ಇಳಿದ ಮೇಲೆ ಒಬ್ಬೊಬ್ಬರೇ ಮನೆಗೆ ಹೋದರು. ಬೆಳಗಾದರೆ ಕೂಲಿಗೆ ಹೋಗಬೇಕಲ್ವಾ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಜ್ಜ ಬಂದದ್ದು ಆಮೇಲೆ. ಕೈಯಲ್ಲಿ ಬಂದರಿಕೆ ಗಿಡದ ಹಸಿ ಕೊಂಬೆ. ಅವರ ಮಂಡಿ ಪೂರ್ತಿ ಮಡಚುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಸೇದುವ ಬಾವಿಗಳು ಬತ್ತಿ, ನೂರಾರು ಅಡಿ ಆಳದ ಕೊಳವೆಬಾವಿ ನೀರು ಕುಡಿದು ಬದುಕಿದ ನಮ್ಮ ಕಡೆಯ ಎಷ್ಟೋ ಹಿರಿಯರ ಹಾಗೆ ಅವರದ್ದೂ ಫ್ಲೋರೈಡ್ ತಿಂದ ಮೂಳೆ. ಆ ಕಾಲಲ್ಲಿ ಕತ್ತಲೆಯಲ್ಲಿ ಗುಡ್ಡ ಹತ್ತಿದ್ದರು.

"ಎತ್ತಿ ಬಡೀಬ್ಯಾಡ, ಕಿಡಿ ಹಾರ್ತದೆ. ಒತ್ತಿ ಹಿಡಿ" ಅಂತ ತೋರಿಸಿಕೊಟ್ಟರು. ಬೆಳಗಿನವರೆಗೆ ನಾವಿಬ್ಬರೇ ಸುತ್ತಿದೆವು. ಒಣಗಿದ ಸಗಣಿ ಒಳಗೊಳಗೇ ಉರಿಯುತ್ತಿರುತ್ತದೆ, ಗಾಳಿ ಬಂದರೆ ಮತ್ತೆ ಹತ್ತಿಕೊಳ್ಳುತ್ತದೆ. ಒಂದೊಂದನ್ನೂ ಹುಡುಕಿ ಮಣ್ಣು ಮುಚ್ಚಿದೆವು. ಮೂರು ಗಂಟೆ ಹೊತ್ತಿಗೆ ನನಗೆ ಸಾಕಾಯಿತು. ಕರಿ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ನಾಲ್ಕು ವರ್ಷ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳು. ಇನ್ನು ಇಲ್ಲಿಗೆ ಬರಲ್ಲ, ಎಲ್ಲ ಮುಚ್ಚಿಬಿಡ್ತೀನಿ ಅಂದೆ. ಅಜ್ಜ ಸಮಾಧಾನ ಹೇಳಲಿಲ್ಲ. ತಮ್ಮ ಕಂಬಳಿ ತಂದು ನನಗೆ ಹೊದಿಸಿ, ಹೊಗೆ ಕಂಡ ಕಡೆ ಮತ್ತೆ ಹೊರಟರು.

ಬೆಳಕು ಹರಿದ ಮೇಲೆ ಒಂದು ಸುಟ್ಟ ಹೊಂಗೆ ಗಿಡದ ಬುಡವನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿತ್ತು. "ಬುಡ ಬಿಟ್ಟು ಕತ್ತರ್ಸು. ಮಳೆಗೆ ಚಿಗುರ್ತದೆ. ಬೇವೂ ಅಷ್ಟೇ." ಚಿಗುರಿತು. ಎಲ್ಲವೂ ಅಲ್ಲ, ಆದರೆ ನಾನು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ.

ಅದಾದ ಮೇಲೆ ನಾವು ಅವರ ಮಾತು ಕೇಳೋದು ಕಲಿತೆವು. ಗಿಡ ಕುರಿಯ ಬಾಯಿಗೆ ಸಿಗದಷ್ಟು ಎತ್ತರಕ್ಕೆ ಬಂದ ಕಡೆ ಪ್ರತಿ ವರ್ಷ ಸಂಕ್ರಾಂತಿಯೊಳಗೆ ಮಂದೆ ಬಿಡುತ್ತೇವೆ. ಹುಲ್ಲು ಕುರಿಗಾಗುತ್ತದೆ, ಬೆಂಕಿಗೆ ಏನೂ ಉಳಿಯುವುದಿಲ್ಲ. ಬೆಂಕಿ ಒಳಗೆ ದಾಟದ ಹಾಗೆ ಸುತ್ತ ಹುಲ್ಲು ಸವರಿ ಬೆಂಕಿ ರೇಖೆ ಮಾಡುತ್ತೇವೆ. ಹೊಸ ಗುಂಡಿಗಳಿಗೆ ಅವರ ಕುರಿ ರೊಪ್ಪದ ಗೊಬ್ಬರ. ಆ ರಾತ್ರಿಯ ನಂತರ ಗುಡ್ಡಕ್ಕೆ ಬೆಂಕಿ ಬಿದ್ದಿಲ್ಲ.

ಅಜ್ಜನ ಮಂಡಿಗೆ ನಮ್ಮ ಶಿಬಿರದಿಂದ ಆದದ್ದು ಕಡಿಮೆ. ನೋವಿಗೆ ಮಾತ್ರೆ ಕೊಡಬಹುದು, ಬಗ್ಗಿದ ಮೂಳೆ ನೆಟ್ಟಗಾಗಲ್ಲ ಅಂತ ಡಾಕ್ಟರು ಅವರಿಗೇ ನೇರವಾಗಿ ಹೇಳಿದರು. ಆಗ ಅವರು ಕೇಳಿದ್ದು "ಮಕ್ಕಳಿಗೆ?" ಅಂತ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಬೇಡ, ಕಾಯಿಸಿದರೂ ಅದು ಹೋಗಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ಆಗಬೇಕು ಅಂತ ನಮ್ಮ ಆಶಾ ಅಕ್ಕ ಮನೆಮನೆ ಹತ್ತಿ ಹೇಳಿದರು. ಅಕ್ಕನ ಮಾತಿಗೆ ಜನ ತಲೆ ಅಲ್ಲಾಡಿಸಿ ಸುಮ್ನಾಗುತ್ತಿದ್ದರು. ಅಜ್ಜ ಜೊತೆಗೆ ಹೋಗಿ ತಮ್ಮ ಕಾಲು ತೋರಿಸಿದ ಮೇಲೆ ಕ್ಯಾನು ಹಿಡಿದು ಹೊರಟರು.

ಅವರ ಮೊಮ್ಮಗಳು ಮಂದೆಯ ಹಿಂದೆ ಹೋಗಿ ಹೋಗಿ ಐದನೇ ಕ್ಲಾಸಿಗೇ ಶಾಲೆ ಬಿಡುವವಳಿದ್ದಳು. ಸಂಜೆ ಪಾಠಕ್ಕೆ ಕುರಿಮರಿ ಎತ್ತಿಕೊಂಡೇ ಬರುತ್ತಿದ್ದಳು, ಬರಲಿ ಅಂತ ಬಿಟ್ಟೆವು. ಹೋದ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು, ಆ ಮನೆಯಲ್ಲಿ ಮೊದಲನೆಯವಳು. ಈಗ ಪಾವಗಡಕ್ಕೆ ಕಾಲೇಜಿಗೆ ಹೋಗುತ್ತಾಳೆ.

ಈ ಬರಹವನ್ನು ಅಜ್ಜನಿಗೆ ಓದಿ ಹೇಳುವವಳು ಅವಳೇ. ಆದ್ದರಿಂದ ಕೊನೆಯ ಮಾತು ಅವರಿಗೇ.

ಅಜ್ಜ, ಆ ಸಂಜೆ ಕೆಲವರು ಬೆಂಕಿ ಹಚ್ಚಿದ್ದು ನೀವೇ ಅಂದಿದ್ದರು. ಹೊಸ ಹುಲ್ಲು ಚಿಗುರಲಿ ಅಂತ ಕುರಿಯವರು ಹಚ್ಚಿರಬೇಕು ಅಂದರು. ಕತ್ತಲೆಯಲ್ಲಿ ನಿಮ್ಮನ್ನು ಕಂಡಾಗ ನನ್ನ ಮನಸ್ಸಿಗೂ ಮೊದಲು ಬಂದದ್ದು ಅದೇ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿಮ್ಮ ಕಂಬಳಿ ಹೊದ್ದು ಕೂತಾಗಲೂ ಆ ಅನುಮಾನ ನನ್ನೊಳಗೆ ಪೂರ್ತಿ ಹೋಗಿರಲಿಲ್ಲ. ಭಾನುವಾರ ಮೈಕ್ ಹಿಡಿದಾಗ ನೀವು ಮುಂದೆಯೇ ಕೂತಿದ್ದಿರಿ, ಅದಕ್ಕೇ ಮಾತು ಬರಲಿಲ್ಲ. ನನ್ನದು ದೊಡ್ಡ ತಪ್ಪು, ಕ್ಷಮಿಸಿ. ಶನಿವಾರ ಬೆಳಿಗ್ಗೆ ಬರುತ್ತೇನೆ, ರೊಪ್ಪದ ಹತ್ತಿರವೇ ಇರಿ. ಕಂಬಳಿ ಇನ್ನೂ ನನ್ನ ಹತ್ತಿರವೇ ಇದೆ, ತರುತ್ತೇನೆ.