ಕಿಡಿ ಹಾಡಲು 24 ವೋಲ್ಟ್ ಸಾಕು

ಮಾನ್ಯ ಸಂಪಾದಕರೇ,

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ವಸ್ತುಪ್ರದರ್ಶನಗಳಲ್ಲಿ ‘ಹಾಡುವ ಮಿಂಚು’ ಈಗೀಗ ಕಾಣಿಸಿಕೊಳ್ಳುತ್ತಿದೆ. ತಂತಿ ಸುರುಳಿಗಳಿಂದ ಅತಿ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಟೆಸ್ಲಾ ಕಾಯಿಲ್‌ನ ತುದಿಯಲ್ಲಿ ನೇರಳೆ ಕಿಡಿ, ಆ ಕಿಡಿಯಿಂದಲೇ ಹಾಡು, ಸ್ಪೀಕರ್ ಇಲ್ಲ. ನೋಡಲು ಸೊಗಸು. ಆದರೆ ವಿಡಿಯೊ ನೋಡಿಕೊಂಡು, 230 ವೋಲ್ಟ್ ಮನೆ ಕರೆಂಟನ್ನು ನೇರವಾಗಿ ಬ್ರಿಡ್ಜ್ ರೆಕ್ಟಿಫೈಯರ್‌ಗೆ (ಎ.ಸಿ.ಯನ್ನು ಡಿ.ಸಿ. ಮಾಡುವ ಭಾಗ) ಕೊಡುವ ಕಾಯಿಲ್‌ಗಳನ್ನು ಮಕ್ಕಳ ಕೈಯಲ್ಲಿ ಮಾಡಿಸುವುದು ಬೇಡ. ರೆಕ್ಟಿಫೈಯರ್ ದಾಟಿದ ಮೇಲೆ ಅದು ಸುಮಾರು 325 ವೋಲ್ಟ್ ಡಿ.ಸಿ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಕೂಡಿಡುವ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಕಿಡಿ ಉದ್ದವಾಗುತ್ತದೆ ನಿಜ, ಹಾಡೇನೂ ಸುಧಾರಿಸುವುದಿಲ್ಲ.

ಹಾಡುವುದು ಕಾಯಿಲ್ ಅಲ್ಲ, ಗಾಳಿ. ಕಿಡಿಗೆ ಶಕ್ತಿ ಹೆಚ್ಚಿದಾಗ ಸುತ್ತಲ ಗಾಳಿ ಕಾದು ಹಿಗ್ಗುತ್ತದೆ, ಕಡಿಮೆಯಾದಾಗ ಕುಗ್ಗುತ್ತದೆ. ಆ ಏರಿಳಿತವೇ ನಮಗೆ ಕೇಳುವ ಸದ್ದು. ಲಂಡನ್ನಿನ ವಿಲಿಯಂ ಡಡೆಲ್ 1899ರಲ್ಲೇ ಕಾರ್ಬನ್ ಆರ್ಕ್‌ನಿಂದ (ಎರಡು ಇದ್ದಿಲ ಕಡ್ಡಿಗಳ ನಡುವಿನ ವಿದ್ಯುತ್ ಜ್ವಾಲೆ) ಸ್ವರ ಹೊರಡಿಸಿ, ಅದಕ್ಕೊಂದು ಕೀಬೋರ್ಡನ್ನೂ ಜೋಡಿಸಿದ್ದರು. ಕಾಯಿಲ್‌ನ ಸ್ವಂತ ಕಂಪನ ಸೆಕೆಂಡಿಗೆ ಲಕ್ಷಗಟ್ಟಲೆ. ನಮ್ಮ ಕಿವಿಯ ಮಿತಿ 20 ಸಾವಿರ. ಹಾಗಾಗಿ ‘ಕಾಯಿಲ್‌ನ ಫ್ರೀಕ್ವೆನ್ಸಿ ಬದಲಿಸಿ ಹಾಡಿಸುತ್ತಾರೆ’ ಎಂದು ಪೋಸ್ಟರಿನಲ್ಲಿ ಬರೆಯುವುದು ತಪ್ಪು.

ಹಾಡಿಸಲು ಎರಡು ದಾರಿಗಳಿವೆ. ವೇದಿಕೆಯ ದೊಡ್ಡ ಕಾಯಿಲ್‌ಗಳಲ್ಲಿ ಇಂಟರಪ್ಟರ್ ಇರುತ್ತದೆ: 440 ಹರ್ಟ್ಸ್‌ನ ಸ್ವರ ಬೇಕೆಂದರೆ ಸೆಕೆಂಡಿಗೆ 440 ಸಲ, ಪ್ರತಿ ಸಲ 100 ಮೈಕ್ರೊಸೆಕೆಂಡಿನಷ್ಟು ಹೊತ್ತು ಮಾತ್ರ ಕಾಯಿಲ್ ಚಾಲೂ. ಇದಕ್ಕೆ ಮಿಡಿ ಫೈಲ್ ಬೇಕು, ಅಂದರೆ ಧ್ವನಿಯಲ್ಲ, ಯಾವ ಸ್ವರ ಯಾವಾಗ ಎಂಬ ಪಟ್ಟಿ. ಸ್ವರಗಳು ಬರುತ್ತವೆ, ಸಾಹಿತ್ಯ ಬರುವುದಿಲ್ಲ. ಹಾರ್ಮೋನಿಯಂ ಬಲ್ಲವರಿಗೆ ಇದರ ತೊಡಕು ಗೊತ್ತೇ ಇದೆ: ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿತ, ನಡುವೆ ಜಾರಿಕೆ ಇಲ್ಲ. ಫೈಲಿನಲ್ಲಿ ಪಿಚ್ ಬೆಂಡ್ (ಸ್ವರ ಜಾರಿಸುವ ಸೂಚನೆ) ಹಾಕದಿದ್ದರೆ ಮೋಹನ, ಹಂಸಧ್ವನಿ ಹೇಗೋ ದಡ ಸೇರುತ್ತವೆ. ತೋಡಿ ಗುರುತೇ ಸಿಗುವುದಿಲ್ಲ.

ಎರಡನೆಯದು, ಶಾಲೆಗೆ ಒಪ್ಪುವಂಥದ್ದು: 24 ವೋಲ್ಟ್ ಡಿ.ಸಿ.ಯ ಪುಟ್ಟ ಕಾಯಿಲ್. ಕಿಡಿ ಒಂದೆರಡು ಸೆಂಟಿಮೀಟರ್ ಅಷ್ಟೇ, ಆದರೆ ಗಮಕ, ಮಾತು ಎಲ್ಲವೂ ಬರುತ್ತದೆ. 50 ಮಿ.ಮೀ. ಪಿವಿಸಿ ಪೈಪಿನ ಮೇಲೆ 0.25 ಮಿ.ಮೀ. ಎನಾಮಲ್ ತಂತಿಯನ್ನು 20 ಸೆಂ.ಮೀ. ಎತ್ತರಕ್ಕೆ ಒಂದರ ಪಕ್ಕ ಒಂದು ಒತ್ತಾಗಿ ಸುತ್ತಿದರೆ ಸುಮಾರು 700 ಸುತ್ತು; 110–115 ಮೀಟರ್ ತಂತಿ ಬೇಕು. ತಂತಿ ಎಲ್ಲೂ ಒಂದರ ಮೇಲೊಂದು ಹತ್ತಬಾರದು, ಹತ್ತಿದ ಜಾಗದಲ್ಲೇ ಮುಂದೆ ಕಿಡಿ ಹಾರುತ್ತದೆ. ಮೇಲೆ ಎರಡು ಕೈ ವಾರ್ನಿಶ್. ಇದು ಸೆಕೆಂಡರಿ, ಕಿಡಿ ಹಾರುವ ಸುರುಳಿ. ಕರೆಂಟು ಕೊಡುವ ಸುರುಳಿಯಾದ ಪ್ರೈಮರಿಗೆ ವೈರಿಂಗಿನ 1.5 ಚದರ ಮಿ.ಮೀ. ತಂತಿ, ಬುಡದಲ್ಲಿ ಸಡಿಲವಾಗಿ ನಾಲ್ಕು ಸುತ್ತು. ಸೆಕೆಂಡರಿಯ ಕೆಳತುದಿ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುವುದರಿಂದ ಕಾಯಿಲ್ ತನ್ನ ಲಯವನ್ನು ತಾನೇ ಹಿಡಿದುಕೊಳ್ಳುತ್ತದೆ. ಟ್ರಾನ್ಸಿಸ್ಟರಿಗೆ ಕರೆಂಟು ಬರುವ ದಾರಿಯಲ್ಲಿ ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್ ಇರುತ್ತದೆ. ಹಾಡಿನ ಸಂಕೇತ ಅದರ ಗೇಟ್‌ಗೆ ಹೋಗಿ ನಲ್ಲಿ ತಿರುಗಿಸಿದ ಹಾಗೆ ಕರೆಂಟನ್ನು ಹೆಚ್ಚುಕಡಿಮೆ ಮಾಡುತ್ತದೆ.

ಕೆಡುವುದೂ ಹೆಚ್ಚಾಗಿ ಆ ನಲ್ಲಿಯೇ. ಪೂರ್ತಿ ತೆರೆದ ಮಾಸ್‌ಫೆಟ್ ತಣ್ಣಗಿರುತ್ತದೆ, ಪೂರ್ತಿ ಮುಚ್ಚಿದ್ದೂ ತಣ್ಣಗೆ; ಹಾಡು ನುಡಿಸುವಾಗ ಅದು ಸದಾ ಅರೆತೆರೆದಿರುತ್ತದೆ. 12 ವೋಲ್ಟ್ ತನ್ನ ಮೇಲೆ ಹಿಡಿದುಕೊಂಡು 1 ಆಂಪಿಯರ್ ಹರಿಸಿದರೆ 12 ವಾಟ್ ಬಿಸಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತಟ್ಟೆ) ಇಲ್ಲದಿದ್ದರೆ ಐಆರ್‌ಎಫ್ 530 ಎಂಬ ಮಾಸ್‌ಫೆಟ್‌ನ ಬಿಸಿ ಪ್ರತಿ ವಾಟ್‌ಗೆ 62 ಡಿಗ್ರಿಯಷ್ಟು ಏರುತ್ತದೆ. ಪಲ್ಲವಿ ಮುಗಿಯುವುದರೊಳಗೆ ಅದರ ಕಥೆ ಮುಗಿದಿರುತ್ತದೆ. ಅಂಗೈ ಅಗಲದ ಹೀಟ್‌ಸಿಂಕ್, ಥರ್ಮಲ್ ಪೇಸ್ಟ್, ಪುಟ್ಟ ಫ್ಯಾನ್ ಬೇಕೇ ಬೇಕು. ಮಾಸ್‌ಫೆಟ್‌ನ ಲೋಹದ ಬೆನ್ನು ಅದರ ಡ್ರೈನ್ ಎಂಬ ಕಾಲಿಗೆ ಕೂಡಿರುತ್ತದೆ. ಟ್ರಾನ್ಸಿಸ್ಟರಿನ ಹೀಟ್‌ಸಿಂಕನ್ನೇ ಹಂಚಿಕೊಂಡರೆ ಮೈಕಾ ಹಾಳೆ ಇಟ್ಟು ಬೇರ್ಪಡಿಸಿ. ಎರಡು ಮೂರು ನಿಮಿಷ ಹಾಡಿಸಿ ಅಷ್ಟೇ ಹೊತ್ತು ಬಿಡುವು ಕೊಡಿ.

ಕಿಡಿಯೇ ಬಾರದಿದ್ದರೆ ಮೊದಲು ಪ್ರೈಮರಿಯ ಎರಡು ತುದಿಗಳನ್ನು ಅದಲು ಬದಲು ಮಾಡಿ ನೋಡಿ. ಸುತ್ತಿನ ದಿಕ್ಕು ಉಲ್ಟಾ ಆದರೆ ಕಾಯಿಲ್ ಕಂಪಿಸುವುದೇ ಇಲ್ಲ. ಆಮೇಲೆ ಸೆಕೆಂಡರಿಯ ತುದಿ ನೋಡಿ: ಎನಾಮಲ್ ಕೆರೆಯದೆ ಬೆಸುಗೆ ಹಾಕಿದರೆ ಹೊರಗೆ ಫಳಫಳ, ಒಳಗೆ ಸಂಪರ್ಕವಿಲ್ಲ. ಕಾಯಿಲ್ ಹತ್ತಿರ ಹಿಡಿದ ನಿಯಾನ್ ಬಲ್ಬ್ ತಾನಾಗಿ ಬೆಳಗಿದರೆ ಕಂಪನ ಸರಿಯಿದೆ ಎಂದರ್ಥ.

ಕಿಡಿ ಇದೆ, ಹಾಡಿಲ್ಲ ಎಂಬ ದೂರಿಗೆ ಮನೆಯ ಹಳೇ ರೇಡಿಯೊಗಿಂತ ಒಳ್ಳೆಯ ಸಾಧನವಿಲ್ಲ. ಮೇಲಿನ ಅಳತೆಯ ಸೆಕೆಂಡರಿಗೆ ಟೋಪಿಯಾಗಿ ಸಣ್ಣದೊಂದು ಲೋಹದ ಚೆಂಡು ಕೂರಿಸಿದರೆ ಕಂಪನ 700–800 ಕಿಲೊಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಅಂದರೆ ರೇಡಿಯೊದ ಮಧ್ಯಮ ತರಂಗದ ಪಟ್ಟಿಯೊಳಗೇ, ಆಕಾಶವಾಣಿ ಧಾರವಾಡದ 765 ಕಿಲೊಹರ್ಟ್ಸ್‌ನ ಮನೆಬಾಗಿಲಲ್ಲೇ. ಎರಡು ಮೂರು ಮೀಟರ್ ದೂರದಲ್ಲಿ ರೇಡಿಯೊ ಇಟ್ಟು ಮುಳ್ಳು ತಿರುಗಿಸಿ. ಅದರಲ್ಲಿ ಹಾಡು ಕೇಳಿಸಿದರೆ ಮಾಡ್ಯುಲೇಶನ್ (ಹಾಡಿಗೆ ತಕ್ಕಂತೆ ಕಂಪನದ ಏರಿಳಿತ) ಸರಿಯಿದೆ, ಕಿಡಿಯದೇ ಬಡತನ. ಬರೀ ಗೊರಗೊರ ಬಂದರೆ ತಪ್ಪು ಆಡಿಯೊ ಕಡೆಯದ್ದು. ಪರೀಕ್ಷೆ ಮುಗಿದೊಡನೆ ಆರಿಸಿಬಿಡಿ. ಪಕ್ಕದ ಮನೆಯ ರೇಡಿಯೊಗೂ ಇದು ಕಾಟವೇ.

ಧ್ವನಿ ಒಡೆದು ಕರಕರ ಎನ್ನುವುದಕ್ಕೆ ಕಾರಣ ಸಾಮಾನ್ಯವಾಗಿ ವಾಲ್ಯೂಮ್ ಜಾಸ್ತಿಯಾಗಿರುವುದು. ಅಲೆಯ ತಗ್ಗಿನಲ್ಲಿ ಕಿಡಿ ಪೂರ್ತಿ ಆರಿ, ಉಬ್ಬಿನಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿರುತ್ತದೆ. ಕಿಡಿ ಎಲ್ಲೂ ಆರದ ಮಟ್ಟಕ್ಕೆ ಇಳಿಸಿ. 24 ವೋಲ್ಟಿಗಾಗಿ ಟ್ರಾನ್ಸ್‌ಫಾರ್ಮರ್ ಬಳಸಿದವರಿಗೆ ಹಾಡಿನ ಹಿಂದೆ ಸದಾ 100 ಹರ್ಟ್ಸ್‌ನ ಗುಂಯ್‌ಗುಡಿತ ಕೇಳಿದರೆ ಫಿಲ್ಟರ್ ಕೆಪಾಸಿಟರ್ ಸಾಲದು ಎಂದರ್ಥ. 2200 ಮೈಕ್ರೊಫ್ಯಾರಡ್, 50 ವೋಲ್ಟಿನದು ಹಾಕಿ. ಮೃದಂಗದ ಎಡದ ಗುಂಕಿ ಮಾತ್ರ ಏನು ಮಾಡಿದರೂ ಬರುವುದಿಲ್ಲ: 100 ಹರ್ಟ್ಸ್ ಅಲೆಯ ಉದ್ದ 3.4 ಮೀಟರ್, ಬೆರಳ ತುದಿಯಷ್ಟು ಕಿಡಿ ಅಷ್ಟು ಗಾಳಿಯನ್ನು ಅಲುಗಿಸಲಾರದು. ಕೊಳಲು, ಪಿಟೀಲು ಆರಿಸಿಕೊಳ್ಳಿ.

ಹಾಡು ಕೊಡಲು ಮೊಬೈಲನ್ನು ತಂತಿಯಿಂದ ಜೋಡಿಸಬೇಡಿ. ಆ ತಂತಿ ಆಂಟೆನಾದಂತೆ ವರ್ತಿಸಿ ಫೋನನ್ನೇ ಕೆಡಿಸಬಹುದು. ತನ್ನದೇ ಬ್ಯಾಟರಿಯಲ್ಲಿ ನಡೆಯುವ ಅಗ್ಗದ ಬ್ಲೂಟೂತ್ ರಿಸೀವರ್ ಇದ್ದರೆ ಹೋದರೂ ಅದೊಂದೇ ಹೋಗುತ್ತದೆ.

ಕಿಡಿಯನ್ನು ಬೆರಳಿಂದ ಮುಟ್ಟಿ ತೋರಿಸುವ ಚಾಳಿಯೊಂದಿದೆ. ಈ ಪುಟ್ಟ ಕಾಯಿಲ್‌ನಲ್ಲಿ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ಏಕೆಂದರೆ ಅಷ್ಟು ವೇಗದ ಕಂಪನ ನರಕ್ಕೆ ತಿಳಿಯುವುದಿಲ್ಲ. ಆದರೆ ಚರ್ಮ ಸುಡುತ್ತದೆ, ಸೂಜಿಮೊನೆಯಷ್ಟು ಬಿಳಿ ಚುಕ್ಕೆಯಾಗಿ. ಅದರ ಉರಿ ಆಮೇಲೆ ಗೊತ್ತಾಗುತ್ತದೆ. ಮೇಜಿನ ಸುತ್ತ ಒಂದು ಮೀಟರ್ ಹಗ್ಗ ಕಟ್ಟಿ, ಓಜೋನ್ ಹೊರಹೋಗಲು ಕಿಟಕಿ ತೆರೆದಿಡಿ. ಪೇಸ್‌ಮೇಕರ್ ಇರುವವರು ಆ ಕೋಣೆಯೊಳಗೇ ಬಾರದಂತೆ ಬಾಗಿಲಲ್ಲಿ ದಪ್ಪಕ್ಷರದ ಫಲಕ ಹಾಕಿ. ಮೇಜಿನ ಪಕ್ಕ ಹಾಕಿದರೆ ಅವರು ಓದುವ ಹೊತ್ತಿಗೆ ಒಳಗೆ ಬಂದಾಗಿರುತ್ತದೆ.

– ಭೌತಶಾಸ್ತ್ರ ಶಿಕ್ಷಕರೊಬ್ಬರು, ಧಾರವಾಡ